ಚೀಲ ಬಿಚ್ಚಿಸುವ ಗೇಟಕ್ಕ

ಬೆಳಗಿನ ಆರೂವರೆ. ವ್ಯಸನಮುಕ್ತಿ ಕೇಂದ್ರದ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಶಾಂಪೂ ಬಾಟಲಿ ಮೂಸುತ್ತಿದ್ದಾರೆ. ಟೂತ್‌ಪೇಸ್ಟಿನ ಬುಡ ಒತ್ತುತ್ತಾರೆ, ಟವೆಲ್ಲಿನ ಅಂಚು ಸವರಿ ನೋಡುತ್ತಾರೆ. ಎದುರಿಗೆ ನಿಂತ ವಯಸ್ಸಾದ ತಾಯಿ ಫ್ಲಾಸ್ಕೊಂದನ್ನು ಎದೆಗವಚಿಕೊಂಡಿದ್ದಾರೆ.

"ಅದನ್ನೂ ಕೊಡಿ ತಾಯಿ."

"ಬರೀ ಟೀ ಕಣಮ್ಮ."

"ಟೀನಾ? ಹಾಗಾದ್ರೆ ನಂಗೂ ಒಂದು ಲೋಟ ಹಾಕಿ, ಗಂಟಲು ಒಣಗಿದೆ."

ತಾಯಿಯ ಕಣ್ಣು ತುಂಬುತ್ತದೆ. ಫ್ಲಾಸ್ಕಿನಲ್ಲಿರುವುದು ಮದ್ಯ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಗೇಟಕ್ಕ ಎಂದೇ. ರೋಗಿಗಳನ್ನು ನೋಡಲು ಬರುವವರ ಚೀಲ ತಪಾಸಣೆ ಇವರ ಕೆಲಸ. ದಿನಕ್ಕೆ ನಲವತ್ತರ ಆಸುಪಾಸು ಚೀಲ. ವಾರಕ್ಕೆ ಎರಡು ಮೂರರಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ತರುವವರು ಪೋಲಿ ಗೆಳೆಯರಿರಬೇಕು ಎಂದು, ಅವರನ್ನು ಮಾತನಾಡಿಸಲು ಬಂದ ನಾನು ಅಂದುಕೊಂಡಿದ್ದೆ. ಗೇಟಕ್ಕ ನಗುತ್ತಾರೆ.

"ಗೆಳೆಯರು ಈ ಕಡೆ ತಲೆ ಹಾಕೋದೂ ಇಲ್ಲ. ತರೋರು ಅಮ್ಮ, ಹೆಂಡ್ತಿ, ಅಕ್ಕ. ಒಳಗಿರೋನು ಕಾಲು ಹಿಡಿದು ಅತ್ತಿರ್ತಾನೆ. ಕರುಳು ಕೇಳಬೇಕಲ್ಲ?"

ಇದು ಅವರಿಗೆ ಹೇಗೆ ಗೊತ್ತು? ಅವರ ಗಂಡ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿದ್ದರು. ಕುಡಿದು ಮಲಗಿದ ದಿನಗಳಲ್ಲಿ ಅಂಗಡಿಗೆ ಹೋಗಿ ಸುಳ್ಳು ಹೇಳುತ್ತಿದ್ದವರು ಇವರೇ. ಹನ್ನೊಂದು ವರ್ಷ.

"ನನ್ನ ಬಾಯಲ್ಲಿ ಅವರಿಗೆ ಬಾರದ ಕಾಯಿಲೆ ಇಲ್ಲ. ಅವರಜ್ಜಿನ ಎರಡೆರಡು ಸಲ ಸಾಯಿಸಿದೀನಿ. 'ಆ ಅಜ್ಜಿ ಹೋದ ವರ್ಷನೇ ಹೋದ್ರಲ್ಲಮ್ಮ' ಅಂದ್ರು ಮಾಲೀಕರು. ನಾಚಿಕೇಲಿ ಭೂಮಿಗಿಳಿದುಹೋದೆ."

ಕೊನೆಗೆ ಗಂಡನನ್ನು ಇದೇ ಕೇಂದ್ರಕ್ಕೆ ಕರೆತಂದಾಗ ಆಪ್ತಸಮಾಲೋಚಕಿ ಕೇಳಿದರಂತೆ: "ಅವರು ಕುಡಿದದ್ದಕ್ಕೆ ನೀವ್ಯಾಕೆ ಸುಳ್ಳು ಜ್ವರ ಬರಿಸ್ತೀರಿ?" ಅಂದಿನಿಂದ ಸುಳ್ಳು ನಿಂತಿತು. ಗಂಡ ಎರಡು ಸಲ ಜಾರಿ ಮತ್ತೆ ಕುಡಿದರು. ಈಗ ಆರು ವರ್ಷದಿಂದ ಮುಟ್ಟಿಲ್ಲ. "ಇವತ್ತಿನವರೆಗೆ," ಎಂದು ಸೇರಿಸಲು ಗೇಟಕ್ಕ ಮರೆಯುವುದಿಲ್ಲ.

ಫ್ಲಾಸ್ಕನ್ನು ತೊಟ್ಟಿಗೆ ಬಗ್ಗಿಸಿ, ತಾಯಿಯನ್ನು ಕೂರಿಸುತ್ತಾರೆ. ಬೈಗುಳವಿಲ್ಲ.

"ನಿಮ್ಮ ಮಗನಿಗೆ ಈ ಕಾಯಿಲೆ ಬರಿಸಿದ್ದು ನೀವಲ್ಲ. ವಾಸಿ ಮಾಡೋಕೂ ನಿಮ್ಮ ಕೈಲಾಗಲ್ಲ. ಆದ್ರೆ ಇದನ್ನ ತರದೇ ಇರೋದು ನಿಮ್ಮ ಕೈಲಿದೆ. ಒಳಗೆ ಕೊಡೋ ಔಷಧಿ ಜೊತೆ ಇದು ಸೇರಿದ್ರೆ ಜೀವಕ್ಕೇ ಅಪಾಯ ಆಗಬಹುದು."

"ಅವನು ಅತ್ರೆ ನನ್ನ ಕೈಲಿ ತಡೆಯೋಕಾಗಲ್ಲಮ್ಮ."

"ಈಗ ನಾನೇ ನಿಮ್ಮ ಮಗ ಅಂದ್ಕೊಳ್ಳಿ. ಅಮ್ಮಾ, ಇದೊಂದ್ಸಲ!"

"ತರಲ್ಲ ಕಣೋ..."

"ನೆಲ ನೋಡ್ಕೊಂಡು ಹೇಳಿದ್ರೆ ನಾನೇ ನಂಬಲ್ಲ. ಇನ್ನೊಂದ್ಸಲ."

ಮೂರನೆಯ ಸಲಕ್ಕೆ ತಾಯಿಯ ದನಿ ಗಟ್ಟಿಯಾಗುತ್ತದೆ. ಏಳಕ್ಕೆ ಒಳಗೆ ಹೋದವರು ಹತ್ತೇ ನಿಮಿಷಕ್ಕೆ ಹಿಂತಿರುಗುತ್ತಾರೆ.

"ನೀನು ನನ್ನಮ್ಮನೇ ಅಲ್ಲ ಅಂದ."

"ನೀವೇನಂದ್ರಿ?"

"ನಾಳೆನೂ ಬರ್ತೀನಿ, ಬರಿಗೈಲೇ ಬರ್ತೀನಿ ಅಂದೆ."

ಗೇಟಕ್ಕ ಅವರ ಎರಡೂ ಕೈಗಳನ್ನು ಹಿಡಿದುಕೊಳ್ಳುತ್ತಾರೆ. ಶುಕ್ರವಾರ ಮನೆಯವರಿಗಾಗಿಯೇ ನಡೆಯುವ ಸಭೆಗೆ ಅವರ ಹೆಸರು ಬರೆಸುತ್ತಾರೆ.

ಹೊರಡುವ ಮುನ್ನ ಕೇಳುತ್ತೇನೆ: ನಿಮಗೇನಾದರೂ ಆಸೆ?

ಗೇಟಕ್ಕ ರಸ್ತೆಗೆ ತೆರೆದ ಕಿಟಕಿಯತ್ತ ನೋಡುತ್ತಾರೆ. "ಇದಕ್ಕೊಂದು ಪರದೆ ಹಾಕಿಸಿಕೊಟ್ರೆ ಸಾಕು. ಅಳೋರಿಗೆ ಒಂಚೂರು ಮರೆ ಬೇಕಲ್ವಾ?"