ಜನವರಿ ನೀರಿಗೆ ಕರಗದ ಪುಡಿ

ಬಟ್ಟೆ ಒಗೆಯುವ ಪುಡಿಯ ಬಗ್ಗೆ ಸಲಹೆ ಕೊಡುವ ಯೋಗ್ಯತೆ ನನಗಿದೆ ಎಂದು ನಂಬಿದ್ದಕ್ಕೆ ಎರಡು ಕಾರಣಗಳಿದ್ದವು. ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದೆ. ಒಂದು ದಿನವೂ ಬಟ್ಟೆ ಒಗೆದಿರಲಿಲ್ಲ. ಎರಡನೆಯ ಅರ್ಹತೆ ಇದ್ದವರಿಗೆ ಸಲಹೆ ಬಹಳ ಸರಾಗವಾಗಿ ಬರುತ್ತದೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನನ್ನ ಹೆಂಡತಿ ಸರೋಜ ಇನ್ನೂ ಏಳು ಹೆಂಗಸರನ್ನು ಕೂಡಿಕೊಂಡು ಸಂಘ ಕಟ್ಟಿ, ತರಬೇತಿ ಪಡೆದು, ಸೋಪಿನ ಪುಡಿ ತಯಾರಿಸಲು ಶುರುಮಾಡಿದಳು. ಕುಂದಾಣದ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲು ಮೊದಲ ಗಿರಾಕಿ. ಅದು ಕೈತಪ್ಪಿದರೆ ಸಂಘ ಮುಚ್ಚಿ, ಆ ಏಳು ಜನ ಮತ್ತೆ ಕಂಡವರ ಮಗ್ಗದ ಮನೆಗೆ ಕೂಲಿಗೆ ಹೋಗಬೇಕು. ತರಬೇತಿಯಲ್ಲಿ ಬರೆಸಿದ್ದ ಸೂತ್ರದಲ್ಲಿ ಕೊಳೆ ತೆಗೆಯುವ ವಸ್ತು ಎರಡಿದ್ದವು: ಒಂದು ಬಿಳಿ ಪುಡಿ, ಇನ್ನೊಂದು ಅಂಟಂಟು ದ್ರವ. ನಾನು ಕನ್ನಡಕ ಏರಿಸಿಕೊಂಡು ದ್ರವವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಶುದ್ಧವಾದದ್ದು ಒಂದಿರುವಾಗ ಬೆರಕೆ ಯಾಕೆ?

ಸಂಘದವರಲ್ಲಿ ಇಪ್ಪತ್ತು ವರ್ಷ ಮಗ್ಗದಲ್ಲಿ ದುಡಿದಿದ್ದ ಲಕ್ಷ್ಮಮ್ಮ ಮಾತ್ರ, "ಅವ್ರು ಸುಮ್‌ಸುಮ್ನೆ ಎರಡು ಬರೆಸಿರ್ತಾರಾ ಸಾರ್?" ಎಂದು ಕೇಳಿದಳು. ನಾನು ಗಾಜಿನ ಲೋಟದಲ್ಲಿ ಪುಡಿ ಕಲಕಿ ತೋರಿಸಿದೆ. ಒಂದು ಕಣವೂ ಉಳಿಯಲಿಲ್ಲ. ಲೋಟದ ನೀರು ಗೀಸರಿನದು ಎಂಬುದು ಹೇಳಬೇಕಾದ ಸಂಗತಿ ಅಂತ ನನಗೆ ಅನ್ನಿಸಲಿಲ್ಲ.

ಜನವರಿಯಲ್ಲಿ ಹಾಸ್ಟೆಲ್ಲಿನ ವಾರ್ಡನ್ ಒಂದು ಚೀಲ ತಂದು ನಮ್ಮ ಜಗಲಿಯ ಮೇಲೆ ಸುರಿದರು. ಕಡುನೀಲಿ ಲಂಗಗಳ ತುಂಬ ಬಿಳಿ ಗೀರು.

"ರಂಗೋಲಿ ಪುಡಿ ಕೊಟ್ಬಿಟ್ಟಿದ್ದೀರೇನ್ರೀ? ಮಕ್ಕಳು ಮೈ ಕೆರ್ಕೊಂಡು ಕೂತವೆ. ಇನ್ನೊಂದ್ಸಲ ಹಿಂಗಾದ್ರೆ ಅಂಗಡಿದೇ ತರಿಸ್ತೀನಿ."

ಎಂಟು ಜನ ಹೆಂಗಸರೂ ನನ್ನತ್ತ ನೋಡಿದರು. ನಾನು ಬೋರ್‌ವೆಲ್ ನೀರಿನ ಗಡಸುತನವನ್ನು ಬೈದೆ, ಹಾಸ್ಟೆಲ್ಲಿನ ತೊಟ್ಟಿಯನ್ನು ಬೈದೆ, ಜಾಲಿಸಲು ಬಾರದ ಹುಡುಗಿಯರನ್ನೂ ಬಿಡಲಿಲ್ಲ.

"ಊರಿನ ನೀರು ಬದಲಾಯ್ಸಕ್ಕಾಗಲ್ಲ ಕಣ್ರೀ," ಎಂದಳು ಸರೋಜ. "ಪುಡಿ ಬದಲಾಯ್ಸಬೋದು."

ಲಕ್ಷ್ಮಮ್ಮ ವಾದಕ್ಕೆ ಬರಲಿಲ್ಲ. ರಾತ್ರಿಯೆಲ್ಲ ಬಯಲಲ್ಲಿ ಚಳಿ ಹಿಡಿದಿದ್ದ ತೊಟ್ಟಿಯಿಂದ ಎರಡು ಬಕೆಟ್ ನೀರು ತಂದಳು. ಒಂದಕ್ಕೆ ನನ್ನ ಪುಡಿ ಹಾಕಿದಳು, ಇನ್ನೊಂದಕ್ಕೆ ಆ ದ್ರವ ಬೆರೆಸಿದ ಪುಡಿ. ಮೊಳಕೈವರೆಗೆ ಕೈಯಿಳಿಸಿ ಎರಡನ್ನೂ ಕಲಕಿದಳು. ನನ್ನದು ಮರಳಿನಂತೆ ತಳ ಹಿಡಿಯಿತು. ಅವಳದು ನೊರೆಯೆದ್ದು ಕರಗಿಹೋಯಿತು.

ಮಧ್ಯಾಹ್ನ ಅಟ್ಟದಿಂದ ನನ್ನ ಹಳೆಯ ಪಠ್ಯಪುಸ್ತಕ ಇಳಿಸಿದೆ. ಎಲ್ಲವೂ ಅದರಲ್ಲೇ ಇತ್ತು. ಒಂದೇ ಜಾತಿಯ ಅಣುಗಳು ಚಳಿಗೆ ಒತ್ತೊತ್ತಾಗಿ ಸಾಲುಗಟ್ಟಿ ಹರಳಾಗಿಬಿಡುತ್ತವೆ, ಕರಗುವುದಕ್ಕೆ ಒಪ್ಪುವುದಿಲ್ಲ. ಬೇರೆ ಜಾತಿಯದೊಂದು ನಡುವೆ ನುಗ್ಗಿದರೆ ಸಾಲು ಕೆಡುತ್ತದೆ. ಆಮೇಲೆ ಎರಡೂ ಗುಂಪುಗೂಡಿ ತಣ್ಣೀರಿನಲ್ಲೂ ಕರಗುತ್ತವೆ, ಗಡಸು ನೀರನ್ನೂ ಒಂದಿಷ್ಟು ತಾಳಿಕೊಳ್ಳುತ್ತವೆ. ಮದುವೆ ಸಂಬಂಧಕ್ಕೆ ಉಪಪಂಗಡದವರೆಗೆ ಜರಡಿ ಹಿಡಿಯುವ ನಮ್ಮ ಬಂಧುಗಳಿಗೆ ಈ ಪುಟವನ್ನು ಓದಿ ಹೇಳಬಹುದಿತ್ತು. ಆದರೆ ಅಂಚಿನಲ್ಲಿ ನನ್ನದೇ ಕೈಬರಹ ಕಂಡಿತು: "ಪರೀಕ್ಷೆಗೆ ಬರುವುದಿಲ್ಲ, ಬಿಡಿ." ಎಷ್ಟು ವರ್ಷದ ಎಷ್ಟು ಹುಡುಗರಿಗೆ ಇದನ್ನು ಬಿಡಿಸಿದ್ದೆನೋ!

ಸಂಜೆ ಸಂಘದವರ ಎದುರು ತಪ್ಪು ಒಪ್ಪಿಕೊಂಡೆ. ಸಣ್ಣ ಭಾಷಣಕ್ಕೂ ಸಿದ್ಧನಾಗಿದ್ದೆ. ಯಾರೂ ಕೇಳಲಿಲ್ಲ, ಅವರು ಆಗಲೇ ಹೊಸ ಪುಡಿ ಕಲಸುತ್ತಿದ್ದರು. ಲಕ್ಷ್ಮಮ್ಮ ಮಾತ್ರ, "ನಾಳೆ ಪುಡಿ ತಗೊಂಡು ನೀವೇ ಹೋಗ್ಬನ್ನಿ ಸಾರ್. ಅಲ್ಲಿನ ನೀರಲ್ಲೇ ಒಂದು ಲಂಗ ಒಗೆದು ತೋರ್ಸಿ," ಎಂದಳು.

ಬೆಳಿಗ್ಗೆ ಹಾಸ್ಟೆಲ್ಲಿನ ತೊಟ್ಟಿಯ ಸುತ್ತ ಹುಡುಗಿಯರು ನೆರೆದರು. ವಾರ್ಡನ್ ಕೈಕಟ್ಟಿ ನಿಂತರು. ಪುಡಿ ಕರಗಿತು, ನಾನು ಒಗೆದ ಲಂಗದಲ್ಲಿ ಗೀರು ಕಾಣಲಿಲ್ಲ. ವಾರ್ಡನ್ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಮುಂದಿನ ತಿಂಗಳಿಗೂ ಕಳಿಸಿ," ಎಂದರು. ನಾನೋ, ಸೆಟೆದುಕೊಂಡ ಬೆರಳುಗಳನ್ನು ಕಂಕುಳಲ್ಲಿ ಅದುಮಿಕೊಂಡು ಕುಣಿಯುತ್ತಿದ್ದೆ. ನೀರಿನ ಗುಣಧರ್ಮಗಳೆಲ್ಲ ನನಗೆ ಬಾಯಿಪಾಠ. ಅದು ಇಷ್ಟು ತಣ್ಣಗಿರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.