ಸೋಂಬೇರಿತನದ ಲ್ಯಾಬ್ ರಿಪೋರ್ಟು

ಹರೆಯದಲ್ಲಿ ಅಪ್ಪನಿಗೆ ಕೆಲವು ದಿನ ಬೆಳಗ್ಗೆ ಕೈಕಾಲು ಆಡುತ್ತಿರಲಿಲ್ಲವಂತೆ. ಅದೂ ಹಬ್ಬದೂಟದ ಮರುದಿನ. ಸೋಂಬೇರಿ ಎಂದು ಹೆಸರಿಡಲು ತೋವಿನಕೆರೆ ಪಕ್ಕದ ನಮ್ಮೂರಿಗೆ ಇಷ್ಟು ಸಾಕ್ಷಿ ಧಾರಾಳವಾಯಿತು.

ಮೂರು ವರ್ಷದ ಹಿಂದೆ, ಮಧುಗಿರಿಯಲ್ಲಿ ಮೇಷ್ಟ್ರಾಗಿರುವ ನಾನು ಯುಗಾದಿಗೆ ಊರಿಗೆ ಹೋಗಿ, ಎಂಟು ಹೋಳಿಗೆ ತಿಂದು ಮಲಗಿದೆ. ಬೆಳಗ್ಗೆ ಎಚ್ಚರವಾಯಿತು, ಏಳಲಾಗಲಿಲ್ಲ.

"ಅವ್ವಾ, ಕಾಲೇ ಬತ್ತಿಲ್ಲ."

"ಅಪ್ಪನಂಗೇ ಶುರು ಹಚ್ಕೊಂಡ. ಏಳ್ಲಾ!" ಅವ್ವ ದುಪ್ಪಟಿ ಎಳೆದಳು. ದುಪ್ಪಟಿ ಬಂತು, ನಾನು ಬರಲಿಲ್ಲ.

ದೊಡ್ಡಪ್ಪ ಬಂದು, ಮುಟ್ಟಿಯೂ ನೋಡದೆ, ಸರ್ಪದೋಷ ಎಂದು ತೀರ್ಪು ಕೊಟ್ಟ. "ನಾಗಲಮಡಿಕೆ ಗುಡಿಗೆ ಕರ್ಕೊಂಡೋಗ್ಬುಡಿ." ನಾಲ್ಕು ಜನ ಸೇರಿ ನನ್ನನ್ನು ಕಾರಿಗೆ ತುಂಬಿದರು. ಕಾರು ಓಡಿಸುತ್ತಿದ್ದ ಹೆಂಡತಿ ಮಾತ್ರ ಅದನ್ನು ಹತ್ತಿರದ ಕ್ಲಿನಿಕ್ಕಿಗೆ ತಿರುಗಿಸಿದಳು. ಅಲ್ಲಿ ವಿಜ್ಞಾನ ಕಾದಿತ್ತು. "ಬರೀ ಸುಸ್ತು" ಎಂದು ಡಾಕ್ಟರು ಗ್ಲೂಕೋಸ್ ಏರಿಸಿದರು. ಅಲ್ಲಿಯವರೆಗೆ ಬೆರಳಾದರೂ ಆಡುತ್ತಿದ್ದವು. ಬಾಟಲಿ ಅರ್ಧವಾಗುವಷ್ಟರಲ್ಲಿ ಅವೂ ನಿಂತವು. ನನಗೆ ಆಗ ನಿಜಕ್ಕೂ ಭಯವಾಯಿತು.

ಅಲ್ಲಿಂದ ಸೀದಾ ತುಮಕೂರಿಗೆ ಒಯ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಪೊಟ್ಯಾಸಿಯಂ ಪಾತಾಳಕ್ಕಿಳಿದಿದೆ. ಇವರಿಗೆ ಗ್ಲೂಕೋಸ್ ಕೊಟ್ಟ ಪುಣ್ಯಾತ್ಮರು ಯಾರು?" ಎಂದರು. ಪೊಟ್ಯಾಸಿಯಂ ಕೊಟ್ಟ ಮೇಲೆ ಸಂಜೆಗೆ ನಡೆದೆ.

ಆಮೇಲೆ ಜೀನ್ ಪರೀಕ್ಷೆಯೂ ಆಯಿತು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಸ್ನಾಯುವಿನ ಪೊರೆಯಲ್ಲಿ ಕ್ಯಾಲ್ಸಿಯಂಗೆಂದೇ ಬಾಗಿಲುಗಳಿವೆ. ಅವನ್ನು ಕಟ್ಟುವ ಜೀನ್‌ನಲ್ಲಿ ನನಗೆ ಒಂದು ಅಕ್ಷರ ತಪ್ಪಿದೆ. ಅದರಿಂದ ಬಾಗಿಲು ಪಕ್ಕದಲ್ಲಿ ಸೋರುತ್ತದೆ. ಸಿಹಿ ತಿಂದಾಗ, ಗ್ಲೂಕೋಸ್ ಏರಿಸಿದಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ; ಆ ಸೋರಿಕೆಯಿಂದಾಗಿ ಸ್ನಾಯು ನರದ ಮಾತು ಕೇಳುವುದನ್ನೇ ಬಿಡುತ್ತದೆ. ದಿನವೂ ಕಾಗುಣಿತ ತಿದ್ದುವ ಮೇಷ್ಟ್ರಿಗೇ ಈ ತಪ್ಪು!

ಅಪ್ಪನನ್ನೂ ಪರೀಕ್ಷಿಸಿದರು. ಅದೇ ತಪ್ಪು. ಎಪ್ಪತ್ತರ ಅಪ್ಪ ರಿಪೋರ್ಟು ಹಿಡಿದು, "ಅಂಗಾರೆ ನಾನು ಸೋಂಬೇರಿ ಅಲ್ವಾ?" ಎಂದ.

ಅವ್ವ ಮುಖ ಆಚೆ ತಿರುಗಿಸಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಸೋಲೊಪ್ಪುವ ಜಾತಿಯಲ್ಲ ಅವಳು. "ಹಬ್ಬದ ಮಾರನೇ ದಿನಕ್ಕೆ ಸರಿ. ಮಿಕ್ಕ ದಿನಕ್ಕೆ ಯಾವ ಬಾಗ್ಲು ಸೋರ್ತಿತ್ತು, ಕೇಳು."

ಅಪ್ಪ ಜೆರಾಕ್ಸ್ ಮಾಡಿಸಿ ಊರಲ್ಲೆಲ್ಲ ಹಂಚಿದ. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ದೊಡ್ಡಪ್ಪ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಲ್ಲಿಟ್ಟ.