ಹಾಲು ಹಾಕುವವರ ಎಣಿಕೆ

ಮಾರ್ಚ್ ಮೂರು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಪಾತ್‌ವೇ ವಿಶ್ಲೇಷಣೆ ಕಲಿಯಲು ಕೂತೆ. ಬೇತಮಂಗಲದ ಪಕ್ಕದ ನಮ್ಮೂರಿನಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಅದಕ್ಕೇ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದೆ.

ನನ್ನ ಸಂಶೋಧನೆ ಹಸುಗಳ ಕೆಚ್ಚಲು ಬಾವಿನ ಮೇಲೆ. ಬಾವು ಬಂದ ಆರು ಹಸು, ಚೆನ್ನಾಗಿರುವ ಆರು ಹಸು, ಎಲ್ಲವೂ ನಮ್ಮೂರಿನವೇ. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ನನ್ನ ಅಮ್ಮ ಮನೆಮನೆಗೆ ಹೋಗಿ ಒಪ್ಪಿಸಿದ್ದರು. ಹಾಲಿನಲ್ಲಿ ಸಿಗುವ ಜೀವಕೋಶಗಳಲ್ಲಿ ಬಾವು ಬಂದಾಗ ಕೆಲಸ ಬದಲಿಸುವ ಜೀನ್‌ಗಳು ನನ್ನ ಲೆಕ್ಕಕ್ಕೆ 412 ಸಿಕ್ಕಿದ್ದವು. ಒಂದು ಕೆಲಸಕ್ಕಾಗಿ ಹಲವು ಜೀನ್‌ಗಳು ಕೂಡಿ ನಡೆಯುವ ದಾರಿಯೇ ಪಾತ್‌ವೇ. ಈ 412 ಯಾವ ದಾರಿಗಳಲ್ಲಿ ಹೆಚ್ಚಾಗಿ ಗುಂಪುಗೂಡಿವೆ ಎಂಬುದನ್ನು ಸಾಫ್ಟ್‌ವೇರ್ ಹೇಳುತ್ತದೆ.

"ಶುಕ್ರವಾರದೊಳಗೆ ಆಗದಿದ್ರೆ ಹೊರಗಿನವರಿಗೆ ಕೊಟ್ಟು ಮಾಡಿಸೋಣ" ಎಂದಿದ್ದರು ನಮ್ಮ ಗೈಡ್ ಮೇಡಂ. ಎರಡು ವರ್ಷ ನಾನೇ ಕೂಡಿಸಿದ ಮಾಹಿತಿಯ ಅರ್ಥವನ್ನು ಬೇರೆ ಯಾರೋ ಹೇಳುವುದು ನನಗೆ ಬೇಕಿರಲಿಲ್ಲ.

ಪಟ್ಟಿ ಅಂಟಿಸಿದೆ, ಪ್ರಾಣಿ 'ಹಸು' ಎಂದು ಆರಿಸಿದೆ, ಒತ್ತಿದೆ. ಮೂವತ್ತೇಳು ಪಾತ್‌ವೇ! ಪರದೆ ತುಂಬ ಬಾಣಗಳು, ಡಬ್ಬಿಗಳು. ಅಂಗಡಿಯ ಅಣ್ಣ ಬಗ್ಗಿ ನೋಡಿದರು.

"ಏನ್ ತಂಬಿ, ಬಸ್ ರೂಟಾ? ನಮ್ ಉರಿಗಾಂ ಸ್ಟಾಪ್ ಎಲ್ಲೈತೆ ತೋರ್ಸು."

"ಇದು ಹಸು ಒಳಗಿನ ರೂಟ್ ಅಣ್ಣಾ."

"ಆಗಿದ್ರೆ ಟ್ರಾಫಿಕ್ ಜಾಸ್ತಿನೇ."

ಬುಧವಾರ, ಹನ್ನೊಂದು ಗಂಟೆ. ಒಂದು ಕೆಲಸವನ್ನು ಎರಡು ಸಲ ಪರೀಕ್ಷಿಸದೆ ಬಿಡುವ ಅಭ್ಯಾಸ ನನಗಿಲ್ಲ. ಹಾಲಿನಲ್ಲಿ ಕಂಡ ಒಟ್ಟು ಜೀನ್‌ಗಳಿಂದ ಕಣ್ಣುಮುಚ್ಚಿ 412 ಆರಿಸಿ ಹಾಕಿದೆ. ಏನೂ ಬರಬಾರದಿತ್ತು. ಮೂವತ್ತೊಂದು ಬಂತು. ಅಂದರೆ ನಿನ್ನೆಯ ಮೂವತ್ತೇಳಕ್ಕೆ ಬೆಲೆಯೇ ಇಲ್ಲ. ಸಂಜೆಯವರೆಗೆ ಒಂಬತ್ತು ಸಲ ಬೇರೆ ಬೇರೆ ಪಟ್ಟಿ ಹಾಕಿದೆ. ಪ್ರತಿ ಸಲವೂ ಅದೇ ಕಥೆ. ತಪ್ಪು ಎಲ್ಲಿದೆಯೋ ತಿಳಿಯದೆ ಬಸ್ಸು ಹತ್ತಿದೆ.

ಗುರುವಾರ, ಬೆಳಿಗ್ಗೆ ಆರು ನಲವತ್ತು. ಅಮ್ಮನ ಜೊತೆ ಡೈರಿಯಲ್ಲಿದ್ದೆ. ಹಿಂದಿನ ದಿನ ಎಂಟು ಮನೆಯ ಹಾಲು ತೆಳ್ಳಗೆ ಬಂದಿತ್ತು. ಮೇಲಿನ ಬೀದಿಯ ಹೆಂಗಸೊಬ್ಬರು ಕ್ಯಾನ್ ಕೆಳಗಿಟ್ಟು ಶುರುಮಾಡಿದರು.

"ನೀರ್ ಬೆರ್ಸೋರೆಲ್ಲ ಕೆಳಗಲ ಬೀದಿಯೋರೇ ಕಣಕ್ಕಾ. ಎಂಟ್ರಾಗೆ ಆರ್ ಮನೆ ಅವ್ರದೇ! ಊರಾಗೆ ನಮ್ ಬೀದಿ ಮನೆನೂ ಅಷ್ಟೇ ಅವೆ, ನಮ್ದು ಎರಡೇ!"

ಅಮ್ಮ ತಲೆಯೆತ್ತಲಿಲ್ಲ. "ಡೈರಿಗೆ ಆಲ್ ಆಕೋರೇ ಅವ್ರು ಕಣಮ್ಮಿ, ನಲವತ್ ಮನೆ. ನಿಮ್ ಬೀದಿಯಿಂದ ಬರಾದು ಮೂರೇ ಮನೆ, ಅದ್ರಾಗೆ ಎರಡ್ ಮನೇದು ತೆಳ್ಳಗೈತೆ. ಊರೆಲ್ಲಾ ಎಣಿಸ್ಬ್ಯಾಡ, ಡೈರಿ ಪುಸ್ತಕ ಎಣ್ಸು."

ಆಕೆ ಕ್ಯಾನ್ ಮುಂದೆ ತಳ್ಳಿದರು. ನನ್ನ ಕೈಯಲ್ಲಿದ್ದ ಟೀ ಹಾಗೇ ನಿಂತಿತು. ಸಾಫ್ಟ್‌ವೇರಿನಲ್ಲಿ ಕೆಳಗೊಂದು ಖಾಲಿ ಡಬ್ಬಿ ಇತ್ತು: ಯಾವುದರ ಜೊತೆ ಹೋಲಿಸಬೇಕು ಎಂಬ ಪಟ್ಟಿ. ನಾನು ಅದನ್ನು ತುಂಬಿರಲಿಲ್ಲ. ಹಾಗಾಗಿ ಅದು ಹಸುವಿನ ಎಲ್ಲ ಜೀನ್‌ಗಳ ಜೊತೆ ಹೋಲಿಸುತ್ತಿತ್ತು, ಮೂಳೆಯದು, ಮೆದುಳಿನದು, ಎಲ್ಲವೂ ಸೇರಿ. ಹಾಗಾಗಿ ಬಾವು ಇರಲಿ ಬಿಡಲಿ, ಹಾಲಿನ ಜೀವಕೋಶಗಳಲ್ಲಿ ಹೇಗೂ ನಡೆಯುವ ದಾರಿಗಳೇ ಎದ್ದು ಕಾಣುತ್ತಿದ್ದವು. ನಾನೂ ಊರೆಲ್ಲಾ ಎಣಿಸುತ್ತಿದ್ದೆ.

"ಅಮ್ಮಾ, ನಾನು ಪೇಟೆಗೆ ಹೊರಟೆ."

"ತಿಂಡಿ ತಿನ್ಕೊಂಡ್ ಓಗ್ಲಾ!"

ಒಂಬತ್ತು ಐವತ್ತಕ್ಕೆ ಹಾಲಿನಲ್ಲಿ ಕಂಡ ಜೀನ್‌ಗಳನ್ನಷ್ಟೇ ಆ ಡಬ್ಬಿಗೆ ಹಾಕಿದೆ. ಕಣ್ಣುಮುಚ್ಚಿ ಆರಿಸಿದ ಪಟ್ಟಿಗೆ ಸೊನ್ನೆ. ನನ್ನ ಪಟ್ಟಿಗೆ ನಾಲ್ಕು.

ಶುಕ್ರವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿ ಲ್ಯಾಬಿಗೆ ಹೋದೆ. ಮೇಡಂ ಕೇಳಿದ ಮೊದಲ ಪ್ರಶ್ನೆಯೇ "ಯಾವುದರ ಜೊತೆ ಹೋಲಿಸಿದೆ?" ಮೂವತ್ತೇಳು ಹೇಗೆ ನಾಲ್ಕಾಯಿತು ಎಂದು ನನ್ನ ನೋಟ್‌ಬುಕ್ ತೆರೆದು ತಾರೀಖಿನ ಸಮೇತ ತೋರಿಸಿದೆ. ಅವರು ಪುಟದ ಅಂಚಿನಲ್ಲಿ "ಈ ಅಧ್ಯಾಯ ನೀನೇ ಬರಿ" ಎಂದು ಬರೆದರು. ಇದುವರೆಗಿನ ನನ್ನ ಎಂಟು ನೋಟ್‌ಬುಕ್ಕುಗಳಲ್ಲಿ ನನಗೆ ಅತಿ ಹೆಮ್ಮೆಯ ಪುಟ ಅದು. ಮನೆಗೆ ಬಂದು ಅಮ್ಮನಿಗೆ ತೋರಿಸಿದಾಗ "ಇಷ್ಟಕ್ಕೆ ಮೂರ್ ದಿನಾನೇನ್ಲಾ?" ಎಂದರು.

ಒಂದು ಮಾತ್ರ ಉಳಿದಿದೆ. ತಿಂಗಳಿಗೊಮ್ಮೆ ಅರ್ಧ ಲೀಟರ್ ತರುವವರ ಹಾಗೆ, ಕೆಲವು ಜೀನ್‌ಗಳು ತೀರಾ ಮಂಕಾಗಿ ಕಾಣುತ್ತವೆ. ಅವನ್ನು ಹೋಲಿಕೆಯ ಪಟ್ಟಿಯಿಂದ ತೆಗೆದರೆ ನಾಲ್ಕು ಮೂರಾಗುತ್ತದೆ. ಅವನ್ನು ಎಣಿಸಬೇಕೋ ಬಿಡಬೇಕೋ, ಗೆರೆ ಎಲ್ಲಿ ಎಳೆಯಬೇಕೋ, ಇದನ್ನು ಮಾಡಿ ತಿಳಿದವರು ದಯವಿಟ್ಟು ನನಗೆ ಬರೆಯಿರಿ.